ನಲವತ್ತು ಚೀಟಿ

ಸಯನ್‌ನಲ್ಲಿ ಒಂದು ಖೋಲಿ ಹಿಡಿಯಲು ಮುಂಗಡ ತೆರಬೇಕಾದ ಪಗಡಿ ಎರಡೂವರೆ ಸಾವಿರ ರೂಪಾಯಿ. ಮಾತುಂಗಾದಲ್ಲಾದರೆ ನಾಲ್ಕು. ದಹಿಸರ್‌ಗೆ ಹೋದರೆ ಪಗಡಿಯೂ ಇಲ್ಲ, ನೀರೂ ಇಲ್ಲ. ವಿಮಾ ಕಂಪನಿಯ ಗುಮಾಸ್ತ ಸದಾನಂದನ ಸಂಬಳ ನೂರಾ ಅರವತ್ತೈದು. ಆದರೂ ಸಯನ್ ಸ್ಟೇಷನ್ನಿನಿಂದ ಐದು ನಿಮಿಷದ ದಾರಿಯಲ್ಲಿ, ಎರಡನೆಯ ಮಾಳಿಗೆಯಲ್ಲಿ, ಗಾಳಿ ಬರುವ ಒಂದು ಖೋಲಿ ಅವನಿಗಿತ್ತು. ಅದಕ್ಕೆ ಅವನು ಕೊಡುತ್ತಿದ್ದುದು ದಿನಕ್ಕೆ ಎರಡು ಪ್ರಾರ್ಥನೆ. ಬೆಳಿಗ್ಗೆ ಆರೂಮುಕ್ಕಾಲಿಗೆ ಒಂದು, ಸಂಜೆ ಏಳಕ್ಕೆ ಒಂದು.

ನಂಬಿಕೆ ಇದ್ದವರಿಗೆ ಅದು ಬಿಟ್ಟಿ. ನಂಬಿಕೆ ಹೋದವನಿಗೆ ಮಾತ್ರ ಅದು ಬಾಡಿಗೆ.

ಸದಾನಂದ ಕಣ್ಣು ಮುಚ್ಚಿ ಈ ಲೆಕ್ಕ ಮುಗಿಸುವಷ್ಟರಲ್ಲಿ ಕಾಂತಪ್ಪನ ಪ್ರಾರ್ಥನೆಯೂ ಮುಗಿಯಿತು. ಹನ್ನೊಂದು ಗಂಟಲುಗಳು 'ಆಮೆನ್' ಎಂದವು. ಅಲ್ಲ, ಹತ್ತು. ಇವತ್ತೂ ಚೆನ್ನಯ ಬಾಯಿ ತೆರೆದಿರಲಿಲ್ಲ.

'ಸಹೋದರ ನಿವಾಸ' ಎಂದು ಬಾಗಿಲ ಮೇಲೆ ಹಲಗೆ ಇತ್ತು. ಮಂಗಳೂರು, ಉಡುಪಿ, ಬೆಟಗೇರಿಗಳಿಂದ ನೌಕರಿಗೆ ಬಂದ ಕ್ರೈಸ್ತ ಸಭೆಯ ಹುಡುಗರು ಮುಂಬಯಿಯಲ್ಲಿ ಕೆಡಬಾರದೆಂದು ಹಿರಿಯರು ನಡೆಸುವ ಮನೆ. ಹನ್ನೊಂದು ಮಂಚ, ಒಂದು ನಲ್ಲಿ, ಒಬ್ಬ ವಾರ್ಡನ್. ಸದಾನಂದ ಆ ವಾರ್ಡನ್, ಖೋಲಿ ಆ ಕೆಲಸಕ್ಕೆ ಸಿಕ್ಕಿದ್ದು. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವನು ಆರು ವರ್ಷದಿಂದ ಆ ನಲ್ಲಿಯ ಜಗಳ ಬಿಡಿಸುತ್ತಿದ್ದ.

ಹುಡುಗರು ಕೆಡಲಿಲ್ಲ, ಅದೇ ಅವರ ಮೇಲೆ ಅವನಿಗಿದ್ದ ತಿರಸ್ಕಾರಕ್ಕೆ ಕಾರಣ. ಕೆಡಲು ಬೇಕಾದ ಧೈರ್ಯವೂ ಅವರಲ್ಲಿರಲಿಲ್ಲ. ಕಾಂತಪ್ಪ ತನ್ನ ಬೆಣ್ಣೆಯ ಡಬ್ಬಿಯ ಮೇಲೆ ಹೆಸರು ಬರೆದಿಟ್ಟು, ಲೋಕದ ಹಸಿದವರಿಗಾಗಿ ಕಣ್ಣೀರು ಹಾಕಿ ಪ್ರಾರ್ಥಿಸುತ್ತಿದ್ದ. ಬೆಟಗೇರಿಯ ಶಿವಪುತ್ರಪ್ಪ ಕೀರ್ತನೆ ಗುನುಗುತ್ತ ಇನ್ನೊಬ್ಬರ ಪಾಲಿಶಿನಲ್ಲಿ ತನ್ನ ಬೂಟು ಉಜ್ಜುತ್ತಿದ್ದ. ಬೂಟು ಹೊಳೆದಷ್ಟೂ ರಾಗ ಏರುತ್ತಿತ್ತು.

ಬುಧವಾರ ಚೆನ್ನಯ ಈ ಒಳ್ಳೆಯತನಕ್ಕೆ ಕಲ್ಲು ಹಾಕಿದ್ದ.

ಅವನು ಉಡುಪಿ ಕಡೆಯವನು, ರೈಲ್ವೆ ಕಚೇರಿಯಲ್ಲಿ ನಕ್ಷೆ ಬರೆಯುವವನು, ಇಪ್ಪತ್ಮೂರು ವರ್ಷ. ಸಾಲಾಗಿ ಪ್ರಾರ್ಥನೆ ಹೇಳುವಾಗ ತನ್ನ ಸರದಿ ಬಂದಾಗ ಅವನು ಕಣ್ಣು ತೆರೆದು, ನೀರು ಬಂದಿಲ್ಲ ಎನ್ನುವಷ್ಟೇ ಸಾಧಾರಣವಾಗಿ ಹೇಳಿದ್ದ:

"ನನ್ನನ್ನು ಬಿಟ್ಟುಬಿಡಿ. ಆಚೆಯಲ್ಲಿ ಯಾರೂ ಕೇಳ್ತಾ ಇಲ್ಲ ಅಂತ ಕಾಣ್ತದೆ ನನಗೆ."

ಪ್ರಾರ್ಥನೆಗೆ ಸೇರದವನು ಮನೆ ಬಿಡಬೇಕು ಎಂಬುದು ನಿಯಮ. ಕಾಂತಪ್ಪ ಗುರುವಾರವೇ ಹಿರಿಯರಿಗೆ ಸುದ್ದಿ ಮುಟ್ಟಿಸಿದ. ಹಿರಿಯರು ಶುಕ್ರವಾರ ವಾರ್ಡನ್‌ಗೆ ಚೀಟಿ ಕಳಿಸಿದರು: ಶನಿವಾರ ಸಂಜೆ ವಾಕ್ಯ ತೆಗೆದು ನೋಡಿ, ವಾಕ್ಯ ಹೇಳಿದಂತೆ ಮಾಡಿ. ಮನೆ ಬಿಡಬೇಕಾಗಿ ಬಂದರೆ ಚೆನ್ನಯನ ಊರಿನ ಪಾದ್ರಿಗೂ ತಿಳಿಸಲಾಗುವುದು. ಊರಿನ ಪಾದ್ರಿಗೆ ತಿಳಿದರೆ, ಸಭೆಯ ಶಾಲೆಯಲ್ಲಿ ಕಸ ಗುಡಿಸಿ ಅವನನ್ನು ಓದಿಸಿದ ತಾಯಿಗೆ ತಿಳಿಯುತ್ತದೆ. ಹಿರಿಯರು ಅದನ್ನು ಬರೆದಿರಲಿಲ್ಲ. ಬರೆಯುವ ಅಗತ್ಯವಿರಲಿಲ್ಲ.

ವಾಕ್ಯದ ಡಬ್ಬಿ ಸದಾನಂದನ ಕಪಾಟಿನ ಮೇಲಿತ್ತು. ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿ. ಒಳಗೆ ನಲವತ್ತು ಚೀಟಿ, ಒಂದೊಂದರಲ್ಲೂ ಒಂದು ವೇದವಾಕ್ಯ. ಜಗಳ ಹರಿಯದಾಗ ಕಣ್ಣು ಮುಚ್ಚಿ ಒಂದು ಚೀಟಿ ತೆಗೆಯುವುದು ಈ ಮನೆಯ ಪದ್ಧತಿ. ಕಿಟಕಿಯ ಮಂಚ ಯಾರಿಗೆ, ರೇಡಿಯೋ ತರಬಹುದೇ, ಎಲ್ಲಕ್ಕೂ ಡಬ್ಬಿಯೇ ಉತ್ತರ. ಹೊಸಬ ಬಂದಾಗಲೂ ಒಂದು ತೆಗೆದು, ತನ್ನ ಮಂಚದ ಮೇಲಿನ ಗೋಡೆಗೆ ಅಂಟಿಸಿಕೊಳ್ಳುತ್ತಿದ್ದ. ಆರು ವರ್ಷದಲ್ಲಿ ಸದಾನಂದ ಒಂದು ವಿಷಯ ಗಮನಿಸಿದ್ದ: ಯಾವ ಚೀಟಿ ಬಂದರೂ ಅದು ದೊಡ್ಡ ಗಂಟಲಿನವನ ಪರವಾಗಿಯೇ ಇರುತ್ತಿತ್ತು.

ಹೋದ ಮಳೆಗಾಲದಲ್ಲಿ ಚೀಟಿಗಳಿಗೆ ಬೂಷ್ಟು ಹಿಡಿದಿತ್ತು. ನಲವತ್ತನ್ನೂ ಅವನೇ ಕುಳಿತು ಹೊಸದಾಗಿ ಬರೆದಿದ್ದ. ಅಕ್ಷರ ದುಂಡಗಿದೆ ಎಂದು ಹಿರಿಯರು ಹೊಗಳಿದ್ದರು.

ಈ ಶನಿವಾರ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಖೋಲಿಗಳ ಮುಂದಿನ ಗ್ಯಾಲರಿಯಲ್ಲಿ ಚೆನ್ನಯ ಸಿಕ್ಕಿದ. ಕೈಯಲ್ಲಿ ಕಾಫಿಯ ಲೋಟ. ಸದಾನಂದ ಆಚೀಚೆ ನೋಡಿ ತಗ್ಗಿದ ದನಿಯಲ್ಲಿ ಹೇಳಿದ:

"ಕಣ್ಣು ಮುಚ್ಚಿ ಕೂತ್ಕೊಳ್ಳಲಿಕ್ಕೆ ನಿನ್ನ ಗಂಟು ಏನು ಹೋಗ್ತದೆ? ಹತ್ತರ ಮಗ್ಗಿ ಹೇಳ್ಕೊ. ಕಡೆಗೆ ಆಮೆನ್ ಅಂದ್ರಾಯ್ತು."

ಚೆನ್ನಯ ತುಟಿಯಿಂದ ಲೋಟ ತೆಗೆದ.

"ನೀವು ಎಷ್ಟರ ಮಗ್ಗಿ ಹೇಳುದು, ಸಾರ್?"

"ಕಾಫಿ ಆರ್ತದೆ, ಕುಡಿ."

ಹದಿನೇಳರದ್ದು. ಹತ್ತರದ್ದು ಬೇಗ ಮುಗಿಯುತ್ತದೆ. ಹದಿನೇಳರದ್ದಕ್ಕೆ ಗಮನ ಬೇಕಾಗುವುದರಿಂದ ಮುಖದಲ್ಲಿ ಭಕ್ತಿಯಂಥದ್ದೇನೋ ಮೂಡುತ್ತದೆ. ಸದಾನಂದ ಇದನ್ನು ಕನ್ನಡಿಯ ಮುಂದೆ ನೋಡಿಕೊಂಡಿದ್ದ.

ಲೋಕಲ್‌ನಲ್ಲಿ ಯಾರದೋ ಕಂಕುಳ ಕೆಳಗೆ ಸಿಕ್ಕಿ ನಿಂತಾಗ ಅವನಿಗೆ ಹೊಳೆಯಿತು: ಹುಡುಗನನ್ನು ಉಳಿಸಲು ಒಂದೇ ಮಾತು ಸಾಕು. ನನಗೂ ಹಾಗೇ ಕಾಣ್ತದೆ, ಆರು ವರ್ಷದಿಂದ. ಮಾತಿನ ಬೆಲೆ ಎರಡೂವರೆ ಸಾವಿರ. ದಾದರ್ ಬರುವಷ್ಟರಲ್ಲಿ ಅವನು ಬೇರೆ ದಾರಿ ಹುಡುಕಿದ್ದ.

ಶನಿವಾರ ಅರ್ಧ ದಿನ. ಒಂದೂವರೆಗೆ ಕಚೇರಿ ಖಾಲಿಯಾಯಿತು. ಕಾಂತಪ್ಪನ ಕೈಗೆ ಸಿಗದಿರಲೆಂದು ಬೆಳಿಗ್ಗೆಯೇ ಚೀಲಕ್ಕೆ ಹಾಕಿಕೊಂಡಿದ್ದ ಡಬ್ಬಿಯನ್ನು ಸದಾನಂದ ತೆಗೆದು, ಚೀಟಿಗಳನ್ನು ಮೇಜಿನ ಮೇಲೆ ಹರಡಿದ. ಕರುಣೆಯ ವಾಕ್ಯಗಳನ್ನು ಮಾತ್ರ ಉಳಿಸಿ ಉಳಿದವನ್ನು ತೆಗೆದಿಡುವುದು ಮೊದಲ ಯೋಚನೆ. ಆದರೆ ಕರುಣೆಯನ್ನು ಕಾಂತಪ್ಪ ಹೇಗೆ ಬೇಕಾದರೂ ಬಗ್ಗಿಸಬಲ್ಲ. ದಣಿದವರು ನನ್ನ ಬಳಿಗೆ ಬರಲಿ ಎಂದು ಬಂದರೆ, ಹಾಗಾದರೆ ಇವನು ಇಲ್ಲಿಂದ ಹೋಗಲಿ ಎನ್ನುತ್ತಾನೆ. ತಪ್ಪಿದ ಕುರಿಯ ಮಾತು ಬಂದರೆ, ಇವನು ತಪ್ಪಿದ್ದಾನೆಂದು ವಾಕ್ಯವೇ ಹೇಳಿತು ಎನ್ನುತ್ತಾನೆ. ಸದಾನಂದ ಒಂದು ಗಂಟೆ ಹುಡುಕಿದ. ಕೊನೆಗೆ ಸಿಕ್ಕಿತು, ತಂದೆಯ ಮನೆಯಲ್ಲಿ ಇರುವುದಕ್ಕೆ ಜಾಗ ಬೇಕಾದಷ್ಟಿದೆ ಎನ್ನುವ ವಾಕ್ಯ. ಜಾಗ ಅಂದರೆ ಜಾಗ. ಮನೆ ಅಂದರೆ ಮನೆ. ಬಗ್ಗಿಸಲು ಬರುವುದಿಲ್ಲ.

ಅದೊಂದನ್ನೇ ನಲವತ್ತು ಸಲ ಬರೆದ. ಕಂಪನಿಯ ಕಾಗದ, ಕಂಪನಿಯ ಶಾಯಿ. ಹಳೆಯ ನಲವತ್ತನ್ನು ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದ. ಸೋಮವಾರ ಮತ್ತೆ ಬದಲಿಸಿದರಾಯಿತು. ಮೆಟ್ಟಿಲಿಳಿಯುವಾಗ ಸಿಳ್ಳೆ ಹಾಕುತ್ತಿದ್ದೇನೆಂದು ಗೊತ್ತಾಗಿ ನಿಲ್ಲಿಸಿದ. ಚೆನ್ನಯನಿಗಾಗಿ ಇಷ್ಟು ಸಂತೋಷವೇ? ಇಲ್ಲ. ಕಾಂತಪ್ಪನ ಮುಖ ನೋಡುವ ಆಸೆ, ಅಷ್ಟೇ.

ನಿವಾಸದ ಮೆಟ್ಟಿಲಿನ ತಿರುವಿನಲ್ಲಿ ಒಬ್ಬ ಹೊಸ ಹುಡುಗ ಟ್ರಂಕಿನ ಮೇಲೆ ಕುಳಿತಿದ್ದ. ಪಕ್ಕದಲ್ಲಿ ಸುತ್ತಿದ ಹಾಸಿಗೆ, ಒಣಮೀನಿನ ವಾಸನೆಯ ಕಟ್ಟು. ಕಾಂತಪ್ಪನ ಚಿಕ್ಕಮ್ಮನ ಮಗನಂತೆ. ಮಂಗಳೂರಿನಿಂದ ಬಂದು ಮೂರು ದಿನವಾಯಿತಂತೆ. ಮೂರು ದಿನವೆಂದರೆ ಬುಧವಾರ.

ಅಡುಗೆಯ ಕಾಶವ್ವ ಒಲೆಯ ಮುಂದಿನಿಂದ ಏಳದೆಯೇ ಹೇಳಿದಳು. ಅವಳು ಬೆಟಗೇರಿಯ ವಿಧವೆ. ಮನೆಯಲ್ಲಿ ಪ್ರಾರ್ಥನೆಯಿಂದ ವಿನಾಯಿತಿ ಇದ್ದವಳು ಅವಳೊಬ್ಬಳೇ, ಅನ್ನ ಸೀಯಬಾರದೆಂದು.

"ಮದಲ ಹಾಸಿಗಿ ಬಂದೈತ್ರಿ ಸಾಹೇಬ್ರ. ತೀರ್ಪು ಆಮ್ಯಾಲೆ ಬರ್ತೈತಿ."

ಸದಾನಂದ ಮುಗುಳ್ನಕ್ಕು ಡಬ್ಬಿಯನ್ನು ಮೊದಲಿನ ಜಾಗದಲ್ಲಿಟ್ಟ.

ಏಳಕ್ಕೆ ಎಲ್ಲರೂ ಚಾಪೆಯ ಮೇಲೆ ಕುಳಿತರು. ಚಿಕ್ಕಮ್ಮನ ಮಗ ಬಾಗಿಲ ಹತ್ತಿರ. ಕಾಂತಪ್ಪ ದೀರ್ಘವಾಗಿ ಪ್ರಾರ್ಥಿಸಿ, ನಮ್ಮ ಇಷ್ಟವಲ್ಲ ನಿನ್ನ ಇಷ್ಟ ಎಂದು ಮೂರು ಸಲ ಹೇಳಿದ. ಆಮೇಲೆ ಡಬ್ಬಿಯನ್ನು ಚೆನ್ನಯನ ಮುಂದೆ ಹಿಡಿದ.

"ನಾನು ತೆಗೆಯುದಿಲ್ಲ" ಎಂದ ಚೆನ್ನಯ. "ನಂಬಿದವರು ಯಾರಾದ್ರೂ ತೆಗೀರಿ."

ಶಿವಪುತ್ರಪ್ಪ ಕೈಯನ್ನು ಪಂಚೆಗೆ ಒರೆಸಿಕೊಂಡು, ಕಣ್ಣು ಮುಚ್ಚಿ ಒಂದು ತೆಗೆದು ಓದಿದ. ತಂದೆಯ ಮನೆಯಲ್ಲಿ ಜಾಗ ಬೇಕಾದಷ್ಟಿದೆ.

ಕೆಳಗಿನ ರಸ್ತೆಯಲ್ಲಿ ಬಸ್ಸೊಂದು ಹೋಯಿತು. ಶಿವಪುತ್ರಪ್ಪ ಚೀಟಿಯನ್ನು ತಿರುಗಿಸಿ ನೋಡಿ, ಹಂಗಾರ ಇರು ಅಂತನ ಹೇಳಿದಂಗಾತಲ್ಲ ಎಂದು ಗೊಣಗಿದ. ಸದಾನಂದ ಕಾಂತಪ್ಪನ ಮುಖ ನೋಡಿದ. ಆ ಒಂದು ನಿಮಿಷ ಅವನಿಗೆ ಆರು ವರ್ಷದ ಪ್ರಾರ್ಥನೆಗಳ ಬಡ್ಡಿ ಬಂದಂತಿತ್ತು.

ಕಾಂತಪ್ಪ ಕಣ್ಣು ಮುಚ್ಚಿಕೊಂಡ. ತೆರೆದಾಗ ಅವು ಒದ್ದೆಯಾಗಿದ್ದವು. ಅವನು ನಟಿಸುತ್ತಿರಲಿಲ್ಲ, ನಟಿಸಿದ್ದರೆ ಸದಾನಂದ ಅವನನ್ನು ಸ್ವಲ್ಪ ಗೌರವಿಸಬಹುದಿತ್ತು.

"ಎಷ್ಟು ಸ್ಪಷ್ಟ ಉಂಟು ನೋಡಿ. ತಂದೆಯ ಮನೆಯಲ್ಲಿ ಜಾಗ ಬೇಕಾದಷ್ಟು ಉಂಟು. ಇಲ್ಲಿ ಹನ್ನೊಂದೇ ಮಂಚ. ಅಂದ ಮೇಲೆ ಅದು ಈ ಮನೆ ಅಲ್ಲ, ಚೆನ್ನಯ. ನೀನು ಹೆದರಬೇಡ ಮಾರಾಯ. ನಿನಗೆ ಹೊರಗೆ ಜಾಗ ಸಿಗ್ತದೆ ಅಂತ ಕರ್ತನೇ ಮಾತು ಕೊಟ್ಟಾಯ್ತು."

ಹೌದು ಹೌದು ಎಂದರು ಒಬ್ಬೊಬ್ಬರಾಗಿ. ಎಲ್ಲರ ಮುಖದಲ್ಲೂ ಭಾರ ಇಳಿದ ಸಮಾಧಾನ. ಹುಡುಗನನ್ನು ಹೊರಗೆ ಹಾಕಬೇಕಲ್ಲ ಎಂದು ಅವರಿಗೆ ನಿಜಕ್ಕೂ ಸಂಕಟವಾಗಿತ್ತು. ಈಗ ಅವನಿಗೊಂದು ವಾಗ್ದಾನ ಕೊಟ್ಟು ಕಳಿಸುತ್ತಿದ್ದರು. ಶಿವಪುತ್ರಪ್ಪನೂ ತಲೆಯಾಡಿಸಿದ.

"ವಾರ್ಡನ್ ಸಾರ್ ಎಂತ ಹೇಳ್ತೀರಿ?" ಎಂದು ಕೇಳಿದ ಕಾಂತಪ್ಪ.

ಚೆನ್ನಯನೂ ಅವನ ಕಡೆ ತಿರುಗಿದ. ಮೊದಲ ಸಲ ಆ ಮುಖದಲ್ಲಿ ಒಂದು ಬೇಡಿಕೆ ಇತ್ತು, ಬಹಳ ಸಣ್ಣದು.

"ವಾಕ್ಯ ಬಂದಾಯ್ತಲ್ಲ" ಎಂದ ಸದಾನಂದ. "ನಾನೇನು ಹೇಳುವುದು."

ಚೆನ್ನಯ ಎದ್ದು ಹಾಸಿಗೆ ಸುತ್ತತೊಡಗಿದ. ಘಾಟ್ಕೋಪರ್‌ನಲ್ಲಿ ಹೋಟೆಲಿನ ಹುಡುಗರು ಮಲಗುವ ಒಂದು ಚಾಳಿನಲ್ಲಿ ಅವನ ಊರಿನವನೊಬ್ಬ ಇದ್ದನಂತೆ. ಹಗ್ಗ ಸಾಲದೆ ಬಂದಾಗ ಕಾಂತಪ್ಪ ಓಡಿಹೋಗಿ ತನ್ನದೇ ಹಗ್ಗ ತಂದುಕೊಟ್ಟ.

ಸದಾನಂದ ಡಬ್ಬಿಗೆ ಕೈ ಚಾಚಿದ. ಕಾಂತಪ್ಪ ಅದನ್ನು ಆಗಲೇ ಚಿಕ್ಕಮ್ಮನ ಮಗನ ಮುಂದೆ ಹಿಡಿದಿದ್ದ.

ಹೊಸಬನೂ ಚೀಟಿ ತೆಗೆಯುತ್ತಾನೆ. ತಾನೇ ಆರು ವರ್ಷ ನಡೆಸಿದ ಪದ್ಧತಿ ಸದಾನಂದನಿಗೆ ಮರೆತೇ ಹೋಗಿತ್ತು. ಚೆನ್ನಯ ಉಳಿದೇ ಉಳಿಯುತ್ತಾನೆ, ಹೊಸಬನಿಗೆ ಜಾಗವೇ ಇರುವುದಿಲ್ಲ ಎಂದು ಅವನು ನಂಬಿದ್ದ. ಬಹಳ ವರ್ಷಗಳ ಮೇಲೆ ಅವನು ನಂಬಿದ್ದು ಅದೊಂದನ್ನೇ.

"ನಾಳೆ ತೆಗೆದ್ರಾಯ್ತು. ಊಟ ಆರ್ತದೆ" ಎಂದ.

"ಊಟ ಕಾಯ್ತದೆ ಸಾರ್."

ಚಿಕ್ಕಮ್ಮನ ಮಗ ತೆಗೆದ. ತಡವರಿಸುತ್ತ ಓದಿದ. ತಂದೆಯ ಮನೆಯಲ್ಲಿ ಜಾಗ ಬೇಕಾದಷ್ಟಿದೆ.

ಮೊದಲ ಚೀಟಿ ಇನ್ನೂ ಶಿವಪುತ್ರಪ್ಪನ ಕೈಯಲ್ಲೇ ಇತ್ತು. ಅವನು ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದ.

"ಇದನ್ನ ಎರಡ ಬರದಿದ್ರೇನ್ರಿ, ಸರ?"

ಕೋಣೆಯಲ್ಲಿ ಎಲ್ಲರೂ ಸದಾನಂದನನ್ನು ನೋಡುತ್ತಿದ್ದರು. ಎರಡು ಎಂದರೆ ಉಳಿದವನ್ನೂ ತೆಗೆದು ನೋಡುತ್ತಾರೆ ಎನ್ನಿಸಿತು ಅವನಿಗೆ. ಕಪಾಟು, ಕಿಟಕಿ, ಗಾಳಿ ಬರುವ ಖೋಲಿ ಕಣ್ಣ ಮುಂದೆ ಬಂದವು.

"ಇಲ್ಲ" ಎಂದ. "ಒಂದೇ."

ಕಾಂತಪ್ಪ ಮೊದಲು ಮೊಣಕಾಲೂರಿದ. ಆಮೇಲೆ ಒಬ್ಬೊಬ್ಬರಾಗಿ ಉಳಿದವರು. ಬರೆದದ್ದು ಒಂದು, ಬಂದದ್ದು ಎರಡು, ಹೋಗುವವನಿಗೂ ಬರುವವನಿಗೂ. ಇಂಥದ್ದು ಮುಂಬಯಿಯಲ್ಲಿ ನಡೆಯಿತೆಂದು ಊರಿನಲ್ಲಿ ಯಾರೂ ನಂಬಲಾರರು ಎಂದು ಯಾರೋ ಬಿಕ್ಕಿದರು. ಕಾಂತಪ್ಪ ಡಬ್ಬಿಯ ಮುಚ್ಚಳ ಒತ್ತಿ, ತನ್ನ ಕರವಸ್ತ್ರದಿಂದ ಬಿಗಿದು ಕಟ್ಟಿದ. ಇನ್ನು ಇದನ್ನು ಯಾರೂ ಮುಟ್ಟಬಾರದು. ನಾಳೆ ಹತ್ತು ಗಂಟೆಗೆ ಸಭೆಯ ಮುಂದೆ ಇಡಬೇಕು. ಹಿರಿಯರು ಒಬ್ಬೊಬ್ಬರೂ ಬಂದು ಒಂದೊಂದು ವಾಕ್ಯ ತೆಗೆಯಲಿ. ಹೀಗೆಂದು ಅವನು ಗಂಟನ್ನು ಇನ್ನೊಮ್ಮೆ ಬಿಗಿದ.

ಎಲ್ಲರೂ ಕಣ್ಣು ಮುಚ್ಚಿದ್ದಾಗ ಚೆನ್ನಯ ಟ್ರಂಕನ್ನು ಹೆಗಲಿಗೇರಿಸಿ ಸದಾನಂದನ ಹತ್ತಿರ ಬಂದು ನಿಂತ. ಮನೆಯಲ್ಲಿ ಕಣ್ಣು ತೆರೆದಿದ್ದವರು ಅವರಿಬ್ಬರೇ.

"ಉಳಿದ ಮೂವತ್ತೆಂಟರಲ್ಲೂ ಅದೇ ಉಂಟಾ, ಸಾರ್?"

"ಏಳು ನಲವತ್ತಕ್ಕೆ ಲೋಕಲ್ ಉಂಟು" ಎಂದ ಸದಾನಂದ. "ಬೇಗ ನಡೆದರೆ ಸಿಗ್ತದೆ."

ಚೆನ್ನಯ ಟ್ರಂಕನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡ. ಬಯ್ಯಲಿಲ್ಲ. "ನನ್ನ ಅಮ್ಮನಿಗೆ ನೀವೇ ಬರೀರಿ" ಎಂದ. "ನಿಮ್ಮ ಅಕ್ಷರ ಚಂದ ಉಂಟು."

ಅವನ ಹೆಜ್ಜೆಗಳು ಮೆಟ್ಟಿಲಿಳಿದವು. ಸದಾನಂದ ಕಣ್ಣು ಮುಚ್ಚಿ ಹದಿನೇಳರ ಮಗ್ಗಿ ಶುರು ಮಾಡಿದ. ಹದಿನೇಳು ಎಂಟಲಿ ಎಷ್ಟೆಂದು ನೆನಪಾಗಲಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಿದ.

ಊಟದ ಮೇಲೆ ನೋಡಿದಾಗ ಚಿಕ್ಕಮ್ಮನ ಮಗ ಚೆನ್ನಯನ ಮಂಚದ ಮೇಲೆ ನಿಂತು, ಒಂದು ಅಗುಳು ಅನ್ನವನ್ನು ಬೆರಳಲ್ಲಿ ಹಿಸುಕಿ, ಸದಾನಂದನ ದುಂಡು ಅಕ್ಷರದ ಚೀಟಿಯನ್ನು ಗೋಡೆಗೆ ಅಂಟಿಸುತ್ತಿದ್ದ. ಹನ್ನೊಂದು ಮಂಚಗಳ ನಡುವೆ ಒಬ್ಬ ಮನುಷ್ಯ ಅಡ್ಡ ತಿರುಗಿ ಮಾತ್ರ ನಡೆಯಬಹುದಾದಷ್ಟು ಸಂದು ಇತ್ತು. ಆಚೆ ಕಾಂತಪ್ಪ ಆಗಲೇ ಮಲಗಿದ್ದ, ತಲೆದಿಂಬಿನ ಕೆಳಗೆ ಡಬ್ಬಿ. ತಗಡಿನ ಮೂಲೆ ಕೆನ್ನೆಗೆ ಒತ್ತುತ್ತಿದ್ದರೂ ಮುಖ ಮಗುವಿನ ಮುಖದಂತಿತ್ತು.

ಸದಾನಂದ ತನ್ನ ಖೋಲಿಗೆ ಹೋಗಿ ಬಾಗಿಲು ಹಾಕಿಕೊಂಡ. ಕಿಟಕಿಯಿಂದ ಗಾಳಿ ಬರುತ್ತಿತ್ತು.

ಚೆನ್ನಯನ ಮಂಚ ಹೋಯಿತು. ಸದಾನಂದನ ಖೋಲಿ ಉಳಿಯಿತು, ನಾಳೆ ಹತ್ತು ಗಂಟೆಯವರೆಗೆ.