ಅವನನ್ನು ಬಲ್ಲ ಇಬ್ಬರು

ಲೆನ್‌ನನ್ನು ಸುಡುವ ಹಕ್ಕು ನನಗಿರಲಿ ಅಂತಲೇ ನಾನು ಅವನನ್ನು ಮದುವೆಯಾದದ್ದು. ಹೀಗಂದರೆ ಥಾಯ್ಲೆಂಡಿನ ನಮ್ಮ ಉದೋನ್ ಪೇಟೆಯ ಹೆಂಗಸರು ಬಾಯಿ ಮೇಲೆ ಕೈಯಿಟ್ಟುಕೊಳ್ಳುತ್ತಾರೆ. ಇಟ್ಟುಕೊಳ್ಳಲಿ. ಪ್ರೀತಿಗಾಗಿ ಮದುವೆಯಾದವರ ಕತೆಗಳನ್ನು ನಾನೂ ಸಾಕಷ್ಟು ಕೇಳಿದ್ದೇನೆ.

ಪೇಟೆಯ ಹಿಂದಿನ ನನ್ನ ಮನೆಯಲ್ಲಿ ನಾವಿಬ್ಬರೂ ಒಂಬತ್ತು ವರ್ಷದಿಂದ ಒಟ್ಟಿಗಿದ್ದೆವು. ನಾನು ಕೋಳಿ ಸುಟ್ಟು ಮಾರುತ್ತೇನೆ, ಜೊತೆಗೆ ಅಂಟನ್ನ, ಕುಟ್ಟಿದ ಪಪ್ಪಾಯಿಕಾಯಿ. ಅವನು ಇಂಗ್ಲೆಂಡಿನ ಮೀನುಬಂದರೊಂದರಲ್ಲಿ ಮಂಜುಗಡ್ಡೆ ಯಂತ್ರ ರಿಪೇರಿ ಮಾಡುತ್ತಿದ್ದವನು. ನಮ್ಮ ದೇಶದ ಕರಾವಳಿಯ ಐಸ್ ಕಾರ್ಖಾನೆಗೆ ಕೆಲಸಕ್ಕೆ ಬಂದ, ಮತ್ತೆ ಹೋಗಲೇ ಇಲ್ಲ. ಇಲ್ಲಿ ಊರವರ ಫ್ರಿಜ್ಜುಗಳೆಲ್ಲ ಅವನ ಕೈಯಲ್ಲೇ ಬದುಕಿರುವುದು. ಮಕ್ಕಳು ಅವನನ್ನು ಫ್ರಿಜ್ಜು ಮಾಮ ಅನ್ನುತ್ತಾರೆ. ಮಾತು ಕಮ್ಮಿ. ನೋವಾದರೂ ಹೇಳುವವನಲ್ಲ, ಊಟ ಬಿಟ್ಟಾಗ ನಾನೇ ತಿಳಿದುಕೊಳ್ಳಬೇಕು.

ಮದುವೆಯ ಕಾಗದ ಯಾರಿಗೆ ಬೇಕಿತ್ತು? ನನ್ನ ಮೊದಲ ಗಂಡ ಸತ್ತು ಬಹಳ ಕಾಲವಾಯಿತು, ಸುಟ್ಟುಳಿದ ಅವನ ಮೂಳೆಗಳು ನಮ್ಮ ಬೌದ್ಧ ದೇವಾಲಯದ ಗೋಡೆಯ ಗೂಡಿನಲ್ಲಿವೆ. ಪಕ್ಕದ ಗೂಡನ್ನು ಲೆನ್‌ಗೆ ಅಂತ ಹೇಳಿಟ್ಟಿದ್ದೆ. ಇಬ್ಬರೂ ಮಾತಾಡದ ಗಂಡಸರು, ಜಗಳಕ್ಕೆ ಆಸ್ಪದವಿಲ್ಲ.

ಆಮೇಲೆ ನನ್ನ ಗೆಳತಿ ಬುನ್ಮಿಯ ಫರಂಗಿ ಸತ್ತ. ಸ್ವಿಸ್ ದೇಶದವನು, ಬುನ್ಮಿಯ ಜೊತೆ ನಮಗಿಂತ ಹೆಚ್ಚು ಕಾಲ ಬಾಳಿದವನು. ಕಾಗದವಿರಲಿಲ್ಲ. ಹೆಣ ಬಿಟ್ಟುಕೊಡಬೇಕಾದರೆ ಅವನ ದೇಶದಿಂದ ರಕ್ತಸಂಬಂಧಿಗಳ ಒಪ್ಪಿಗೆ ಬರಬೇಕಿತ್ತು. ಯಾರೋ ಅಣ್ಣನ ಮಗ ಇದ್ದನಂತೆ, ಅವನು ಉತ್ತರವನ್ನೇ ಕೊಡಲಿಲ್ಲ. ಭಿಕ್ಕುಗಳು ಮಳೆಗಾಲದ ಮೂರು ತಿಂಗಳ ವ್ರತ ಹಿಡಿದು ಬಿಡುವವರೆಗೂ ಆ ಮನುಷ್ಯ ಆಸ್ಪತ್ರೆಯ ತಣ್ಣನೆ ಪೆಟ್ಟಿಗೆಯಲ್ಲೇ ಮಲಗಿದ್ದ. ಬುನ್ಮಿ ದಿನಾ ಹೋಗಿ ಹೊರಗಿನ ಬೆಂಚಿನ ಮೇಲೆ ಕೂತು ಬರುತ್ತಿದ್ದಳು. ಒಳಗೆ ಬಿಡುತ್ತಿರಲಿಲ್ಲ, ಯಾಕೆಂದರೆ ಅವಳು ಅವನಿಗೆ ಏನೂ ಆಗಬೇಕಾದವಳಲ್ಲ.

ಅದೇ ವರ್ಷದ ಚಳಿಗಾಲದಲ್ಲಿ ಲೆನ್‌ಗೆ ಎದೆನೋವು ಬಂತು. ಬದುಕಿಕೊಂಡ. ಆದರೆ ನರ್ಸು ನನ್ನನ್ನು ನೀವು ಯಾರು ಅಂದಳು, ಹೆಂಡತಿ ಅಂದೆ, ಕಾಗದ ಅಂದಳು. ಮನೆಗೆ ಬರುವ ದಾರಿಯಲ್ಲಿ ಸ್ಕೂಟರಿನ ಹಿಂದೆ ಕೂತಿದ್ದವನಿಗೆ ಹೇಳಿದೆ.

"ಲೆನ್, ನಾವು ಮದುವೆ ಆಗೋಣ."

"ಈಗ್ಯಾಕೆ?"

"ನಿನ್ನ ಸುಡೋಕೆ."

ಅವನು ಸರಿ ಅಂದ. ನಮ್ಮ ನಿಶ್ಚಿತಾರ್ಥ ಅಷ್ಟೇ.

ಫರಂಗಿ ನಮ್ಮ ದೇಶದಲ್ಲಿ ಮದುವೆಯಾಗಬೇಕಾದರೆ ಅವನಿಗೆ ಬೇರೆ ಹೆಂಡತಿ ಇಲ್ಲ ಅಂತ ಅವನ ರಾಯಭಾರ ಕಚೇರಿ ಕಾಗದ ಕೊಡಬೇಕು. ಅದಕ್ಕೆ ಬ್ಯಾಂಕಾಕಿಗೆ ಹೋದೆವು. ಕಚೇರಿಯ ಬೀದಿಯಲ್ಲೇ ಟೈಪು ಮಾಡಿ ತರ್ಜುಮೆ ಮಾಡಿಕೊಡುವ ಅಂಗಡಿಗಳ ಸಾಲಿದೆ. ನಾವು ಹೋದ ಅಂಗಡಿಯ ಒಡತಿ ರತ್ರಿ, ತುಟಿಗೆ ಕೆಂಪು ಹಚ್ಚಿದ, ಗಡಿಬಿಡಿಯ ಹೆಂಗಸು. ಹೆಸರು, ವಯಸ್ಸು, ಪಿಂಚಣಿ, ಹಳೆಯ ಮದುವೆ ಮುರಿದ ಕಾಗದ ಎಲ್ಲ ಸರಸರ ಮುಗಿಯಿತು. ಲೆನ್‌ಗೆ ಹಿಂದೊಂದು ಮದುವೆಯಾಗಿ ಮುರಿದದ್ದು ನನಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಅವನು ಹೇಳಿರಲಿಲ್ಲ, ನಾನು ಕೆದಕಿರಲಿಲ್ಲ.

ಆಮೇಲೆ ರತ್ರಿ ಕೇಳಿದಳು, ನಿಮ್ಮ ದೇಶದಲ್ಲಿ ನಿಮ್ಮನ್ನು ಬಲ್ಲವರು ಇಬ್ಬರು ಬೇಕು, ನೆಂಟರಾಗಿರಬಾರದು, ಹೆಸರು ವಿಳಾಸ ಫೋನ್ ನಂಬರು ಹೇಳಿ.

ಲೆನ್ ಬಾಯಿ ತೆರೆದ. ಮುಚ್ಚಿದ.

ನಾನು ಮೊದಲು ನಕ್ಕೆ. ಇಬ್ಬರಂತೆ, ಇಬ್ಬರೇ. ನನ್ನನ್ನು ಕೇಳಿದ್ದರೆ ನಮ್ಮ ಮನೆಯಿಂದ ಬಸ್ ಸ್ಟಾಂಡಿನವರೆಗೆ ಹೆಸರು ಹೇಳುತ್ತ ಹೋಗುತ್ತಿದ್ದೆ, ರತ್ರಿಯ ಬೆರಳು ಸವೆಯುತ್ತಿತ್ತು. ಆದರೆ ಅವನು ಗೋಡೆ ನೋಡುತ್ತ ನಿಂತಿದ್ದ. ನನ್ನ ನಗು ನಿಂತಿತು.

ರತ್ರಿಗೆ ಇದು ಹೊಸದಲ್ಲ. "ಅಯ್ಯೋ, ಯಾವುದಾದ್ರೂ ಎರಡು ಹೆಸರು ಬರೀರಿ ಮಾಮ. ಯಾರೂ ಫೋನ್ ಮಾಡಲ್ಲ. ಬೇಕಾದ್ರೆ ನಾನೇ ಕೊಡ್ತೀನಿ."

ಲೆನ್ ಬೇಡ ಅಂದ. ನಾಳೆ ಕಚೇರಿಯಲ್ಲಿ ಕೈಯೆತ್ತಿ ಇದೆಲ್ಲ ಸತ್ಯ ಅಂತ ಹೇಳಬೇಕು, ಸುಳ್ಳಿಗೆ ಕೈ ಎತ್ತಲಾರೆ ಅಂತ ಹೊರಗೆ ಹೋಗಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತ. ನನಗೆ ಸಿಟ್ಟು ಬಂತು. ಹಳೆಯ ಸ್ನೇಹಿತರಿಲ್ಲವೇ, ಕೆಲಸದವರಿಲ್ಲವೇ, ಬೀದಿಯವರಿಲ್ಲವೇ ಅಂತ ಕೇಳಿದೆ. ಇದ್ದರು ಅಂದ. ಈಗ? ಗೊತ್ತಿಲ್ಲ ಅಂದ. ನಮ್ಮ ಪೇಟೆಯಲ್ಲಿ ಅವನನ್ನು ಕಂಡರೆ ಕೈಯೆತ್ತಿ ಕರೆಯದವರಿಲ್ಲ. ಅವರ್ಯಾರೂ ಲೆಕ್ಕಕ್ಕಿಲ್ಲ. ಊರೆಲ್ಲ ನೆಂಟರು, ಉಂಬೋಕೆ ತಾವಿಲ್ಲ ಅನ್ನುವುದು ಇದಕ್ಕೇ ಇರಬೇಕು.

"ನನ್ನ ಹೆಸರು ಬರ್ಕೊಳ್ಳಿ," ಅಂದೆ ರತ್ರಿಗೆ. "ಇವನನ್ನ ನನಗಿಂತ ಬಲ್ಲೋರು ಯಾರಿದ್ದಾರೆ?"

"ಆಗಲ್ಲ ಅಕ್ಕ. ನೀವು ಮದುಮಗಳು."

ಅವನನ್ನು ಬಲ್ಲವಳು ನಾನೊಬ್ಬಳೇ, ನಾನೇ ನಡೆಯುವುದಿಲ್ಲ. ಅವನ ಪಕ್ಕ ಸ್ಟೂಲು ಎಳೆದುಕೊಂಡು ಕೂತೆ. ಇಷ್ಟು ದೊಡ್ಡ ಮನುಷ್ಯ, ಒಂದು ದೇಶದಲ್ಲಿ ಹುಟ್ಟಿ, ಬೆಳೆದು, ದುಡಿದು, ಅಲ್ಲಿ ಎರಡು ಹೆಸರು ಉಳಿಸಿಕೊಂಡಿಲ್ಲವಲ್ಲ ಅಂತ ನನಗೆ ಹೇಳತೀರದ ಸಂಕಟವಾಯಿತು. ಒಂಬತ್ತು ವರ್ಷ ನನ್ನ ಪಕ್ಕ ಮಲಗಿ ಇವನು ಇಷ್ಟು ಒಂಟಿಯಾಗಿದ್ದನೇ ಅಂತಲೂ ಅನಿಸಿತು, ಅದು ಇನ್ನೂ ಹೆಚ್ಚು ಚುಚ್ಚಿತು.

ಕೊನೆಗೆ ಎದ್ದು ಒಳಗೆ ಹೋಗಿ ಒಂದು ಹೆಸರು ಹೇಳಿದ, ಆಲ್ಫ್ ಟಿಂಡಾಲ್, ಬಂದರಿನಲ್ಲಿ ಜೊತೆಗೆ ಕೆಲಸ ಮಾಡಿದವನು. ಹಳೆಯ ಕೈಚೀಲದಿಂದ ನಂಬರು ಹುಡುಕಿ ಕೊಟ್ಟ. ಎರಡನೆಯದಕ್ಕೆ ಮತ್ತೆ ಬಹಳ ಹೊತ್ತಾಯಿತು. ಡೋರೀನ್ ಪಿಕರ್ಸ್‌ಗಿಲ್ ಅಂದ. ಆ ನಂಬರನ್ನು ಎಲ್ಲಿಯೂ ನೋಡದೆ ಬಾಯಿಂದಲೇ ಹೇಳಿದ.

"ಇವಳ್ಯಾರು?" ಅಂದೆ.

"ಪರಿಚಯದೋರು," ಅಂದ.

ರಾಯಭಾರ ಕಚೇರಿಯಲ್ಲಿ ಕೈಯೆತ್ತಿದ, ಕಾಗದ ಸಿಕ್ಕಿತು. ರತ್ರಿ ತರ್ಜುಮೆ ಮಾಡಿದಳು, ನಮ್ಮ ಸರಕಾರದ ಇನ್ನೊಂದು ಕಚೇರಿಯಲ್ಲಿ ಸರದಿಯಲ್ಲಿ ನಿಂತು ಅದಕ್ಕೆ ಮುದ್ರೆ ಹಾಕಿಸಿ ಬಸ್ಸು ಹತ್ತಿದೆವು. ರತ್ರಿ ಹೇಳಿದಂತೆ ಯಾರೂ ಯಾರಿಗೂ ಫೋನ್ ಮಾಡಲಿಲ್ಲ. ದಾರಿಯುದ್ದಕ್ಕೂ ಲೆನ್ ಆ ಕಾಗದದ ಲಕೋಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಇದ್ದ.

ನಮ್ಮ ತಾಲ್ಲೂಕು ಕಚೇರಿಯ ನೋಂದಣಿ ಸಾಹೇಬರು ವಿರೋತ್ ಅಂತ. ಪ್ರತಿ ಶುಕ್ರವಾರ ನನ್ನ ಕೋಳಿ ತಿನ್ನುವ ಗಿರಾಕಿ. ಅವರಿದ್ದಾರಲ್ಲ ಅಂತ ಧೈರ್ಯವಾಗಿ ನಾನು ನಮ್ಮ ಹೆಂಗಸರುಡುವ ಹಳದಿ ರೇಷ್ಮೆ ಲುಂಗಿಯುಟ್ಟು, ಸಾಕ್ಷಿಗೆ ಬುನ್ಮಿಯನ್ನೂ ನನ್ನ ಅಕ್ಕನನ್ನೂ ಕರೆದುಕೊಂಡು ಹೋದೆ. ಸಾಹೇಬರು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ, ಆ ಎರಡು ಹೆಸರುಗಳ ಮೇಲೆ ಬೆರಳಿಟ್ಟರು. ಹೋದ ತಿಂಗಳು ಒಬ್ಬ ಫರಂಗಿ ಊರಲ್ಲಿ ಹೆಂಡತಿಯನ್ನಿಟ್ಟುಕೊಂಡು ಇಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಂಡು ಸಿಕ್ಕಿಬಿದ್ದನಂತೆ. ಮೇಲಿನವರು ಇವರಿಗೆ ಚೆನ್ನಾಗಿ ಉಗಿದಿದ್ದರಂತೆ. ಇನ್ನು ಮೇಲೆ ಒಬ್ಬರಾದರೂ ಫೋನಿನಲ್ಲಿ ಹೌದು ಅನ್ನದೆ ನಾನು ಸಹಿ ಹಾಕುವುದಿಲ್ಲ ಅಂದರು.

"ಸಾಹೇಬ್ರೇ, ನಮ್ಮನ್ನ ನೀವು ವಾರ ವಾರ ನೋಡ್ತೀರಲ್ಲ," ಅಂದೆ.

"ಕೋಳಿ ಬೇರೆ, ಕಾನೂನು ಬೇರೆ ಅಕ್ಕ. ಫೋನ್ ಕೊಡಿ."

ಅಲ್ಲಿ ಇನ್ನೂ ಬೆಳಗಾಗಿರುವುದಿಲ್ಲ ಅಂತ ಲೆನ್ ಹೇಳಿ ನೋಡಿದ. ಮಲಗಿದ್ದರೆ ಮನೆಯಲ್ಲೇ ಸಿಗುತ್ತಾರೆ ಅಂತ ಸಾಹೇಬರು ಅವನ ಫೋನನ್ನೇ ಮೇಜಿನ ಮೇಲಿಟ್ಟು, ಎಲ್ಲರಿಗೂ ಕೇಳುವ ಹಾಗೆ ಮಾಡಿ, ಆಲ್ಫ್ ಟಿಂಡಾಲನ ನಂಬರು ಒತ್ತಿದರು. ಈ ನಂಬರು ಬಳಕೆಯಲ್ಲಿಲ್ಲ ಅಂತ ಯಂತ್ರದ ಹೆಣ್ಣು ಹೇಳಿತು. ಸಾಹೇಬರು ಮತ್ತೊಮ್ಮೆ ಒತ್ತಿದರು. ಅದೇ ಮಾತು.

"ಆಲ್ಫ್ ಹೋಗಿರಬೇಕು," ಅಂದ ಲೆನ್, ಮೆಲ್ಲಗೆ. ಗೆಳೆಯ ಸತ್ತಿರಬೇಕೆಂದು ಅವನಿಗೆ ಹೊಳೆದದ್ದು ಹೀಗೆ, ನಮ್ಮ ತಾಲ್ಲೂಕು ಕಚೇರಿಯ ಫ್ಯಾನಿನ ಕೆಳಗೆ.

ಉಳಿದದ್ದು ಒಂದೇ ನಂಬರು. ಅದೂ ಹೀಗೇ ಆದರೆ ಕಾಗದವಿಲ್ಲ, ಕಾಗದವಿಲ್ಲದಿದ್ದರೆ ಬುನ್ಮಿಯ ಬೆಂಚೇ ನನಗೂ. ಬುನ್ಮಿ ನನ್ನ ಕೈ ಹಿಡಿದುಕೊಂಡಳು. ಫೋನು ಅಲ್ಲಿ ಎಷ್ಟೋ ಹೊತ್ತು ಹೊಡೆದುಕೊಂಡಿತು. ಕೊನೆಗೆ ಯಾರೋ ಎತ್ತಿದರು. ನಿದ್ದೆಯಿಂದೆದ್ದ ಮುದುಕಿಯ ಕೆಮ್ಮು ಕೇಳಿಸಿತು. ನನಗೆ ಇಂಗ್ಲಿಷು ಓದಲು ಬಾರದು, ಆದರೆ ಕಿವಿಗೆ ಬರುತ್ತದೆ.

ಸಾಹೇಬರು ಗಂಟಲು ಸರಿಮಾಡಿಕೊಂಡು, ಇದು ಥಾಯ್ಲೆಂಡು, ನಾನು ಇಂಥವನು, ಲೆನರ್ಡ್ ಹ್ಯಾರಪ್ ಅನ್ನುವವರ ವಿಷಯ ಅಂದರು.

ಆ ಕಡೆಯಿಂದ ಆ ಹೆಂಗಸು ಕೇಳಿದಳು.

"ಸತ್ತನಾ?"

ಲೆನ್ ತಲೆ ತಗ್ಗಿಸಿದ. ಸಾಹೇಬರು, ಉತ್ತರ ಅದರಲ್ಲೇ ಇದೆಯೇನೋ ಅನ್ನುವ ಹಾಗೆ, ಕಾಗದ ನೋಡಿದರು.

"ಇಲ್ಲ ಮೇಡಂ. ಮದುವೆ ಆಗ್ತಿದಾರೆ."

"ಮದುವೆನಾ?" ಉಸಿರು ಬಿಟ್ಟದ್ದು ಇಲ್ಲಿಗೂ ಕೇಳಿಸಿತು. "ನಾನು ಏನೋ ಅಂದ್ಕೊಂಡೆ. ಎದೆ ಹೊಡ್ಕೋತಾ ಇದೆ ನೋಡಿ."

"ಅವರು ನಿಮಗೆ ಗೊತ್ತಾ?"

"ಗೊತ್ತು. ಹದಿನಾಲ್ಕು ವರ್ಷ ಅವನ ಬಟ್ಟೆ ಒಗೆದಿದೀನಿ."

ಆಗ ನನಗೆ ಅರ್ಥವಾಯಿತು. ಪರಿಚಯದವರಂತೆ. ಬುನ್ಮಿಯ ಕೈ ಬಿಡಿಸಿಕೊಂಡೆ. ಎದ್ದು ಹೋಗಿಬಿಡಲೇ ಅಂತಲೂ ಅನಿಸಿತು. ಆದರೆ ಸಾಹೇಬರಿಗೆ ಕಾನೂನು ಮುಗಿದಿರಲಿಲ್ಲ. ಇವರಿಗೆ ಈಗ ಬೇರೆ ಹೆಂಡತಿ ಯಾರೂ ಇಲ್ಲವೆಂದು ಹೇಳುತ್ತೀರಾ ಅಂತ ಕೇಳಿದರು.

"ಇದ್ದವಳು ನಾನೇ, ಬಿಟ್ಟವಳೂ ನಾನೇ. ಆಮೇಲೆ ಇನ್ನೊಬ್ಬಳನ್ನ ಕೇಳೋ ಧೈರ್ಯ ಅವನಿಗೆಲ್ಲಿ? ಈಗಲೂ ಅವಳೇ ಕೇಳಿರಬೇಕು. ಅಲ್ವಾ?"

ಸಾಹೇಬರು ನನ್ನ ಮುಖ ನೋಡಿದರು. "ಹೌದು, ನಾನೇ ಕೇಳಿದ್ದು," ಅಂದೆ, ನನಗೆ ಬರುವ ಇಂಗ್ಲಿಷಿನಲ್ಲಿ.

"ನೀನೇನಾ ಅದು?" ಅಂದಳು. "ನೋವಿದ್ರೆ ಹೇಳಲ್ಲ ಅವನು. ಊಟ ಬಿಟ್ರೆ ತಿಳ್ಕೋ."

"ಗೊತ್ತು," ಅಂದೆ.

ಲೆನ್ ಫೋನಿನ ಕಡೆ ಬಾಗಿದ. "ಡೋರೀನ್," ಅಂದ.

"ಲೆನ್."

"ಚೆನ್ನಾಗಿದೀಯಾ?"

"ಇದೀನಿ. ನೀನು?"

"ಹೂಂ."

"ಸರಿ ಹಾಗಾದ್ರೆ," ಅಂತ ಅವಳು ಇಟ್ಟುಬಿಟ್ಟಳು. ಸಾಹೇಬರು ಸಹಿ ಹಾಕಿ ಮುದ್ರೆಯೊತ್ತಿದರು. ಗುಲಾಬಿ ಹೂವಿನ ಅಂಚಿನ ಮದುವೆ ಕಾಗದ ಆಳಿಗೊಂದರಂತೆ ಕೊಟ್ಟರು. ಬುನ್ಮಿ ಅತ್ತಳು. ನಾನು ಅಳಲಿಲ್ಲ, ಮುಖ ಊದಿಸಿಕೊಂಡಿದ್ದೆ.

ಮನೆಗೆ ಬಂದು ಒಲೆಗೆ ಇದ್ದಿಲು ತುಂಬುತ್ತ ಬಿಡಿಸಿ ಕೇಳಿದೆ. ಇಷ್ಟು ವರ್ಷ ಅವಳ ನಂಬರು ಮನಸ್ಸಲ್ಲಿಟ್ಟುಕೊಂಡಿದ್ದೆಯಾ, ಮಾತಾಡುತ್ತಿದ್ದೆಯಾ ಅಂದೆ. ಒಂದು ದಿನವೂ ಮಾಡಿಲ್ಲ ಅಂದ. ಆ ಮನೆಗೆ ಫೋನು ಹಾಕಿಸಿದ್ದೇ ತಾನು, ಅವಳು ಬೇರೆ ಮದುವೆಯಾಗಿ ಹೊಸ ಗಂಡನೂ ತೀರಿಕೊಂಡ ಅಂತ ಹಿಂದೆ ಯಾರೋ ಹೇಳಿದ್ದರು, ಮನೆ ಬದಲಾಯಿಸಿರಲಿಕ್ಕಿಲ್ಲ ಅಂದುಕೊಂಡೆ ಅಂದ.

"ಹೋಗಿ ಹೋಗಿ ಅವಳ ಹೆಸರೇ ಕೊಡಬೇಕಿತ್ತಾ?"

"ಮತ್ಯಾರದ್ದು ಕೊಡ್ಲಿ?" ಅಂದ.

ಇದ್ದಿಲು ಊದುತ್ತ ಕೂತೆ. ಹೊಟ್ಟೆಯುರಿ ಎಲ್ಲಿಗೆ ಹೋಯಿತೋ, ಅವಳು ಕೇಳಿದ ಆ ಒಂದು ಮಾತೇ ಕಿವಿಯಲ್ಲಿ ನಿಂತಿತ್ತು. ಇಷ್ಟು ವರ್ಷ ಹೊತ್ತಲ್ಲದ ಹೊತ್ತಲ್ಲಿ ಫೋನ್ ಹೊಡೆದಾಗಲೆಲ್ಲ ಅವಳ ಬಾಯಿಗೆ ಆ ಮಾತು ಬರುತ್ತಿತ್ತೇನೋ. ಆ ಇಡೀ ದೇಶದಲ್ಲಿ ಅವನು ಸತ್ತಾನೆಂದು ಹೆದರುವವಳು ಅವಳೊಬ್ಬಳು. ಇಲ್ಲಿ ನಾನೊಬ್ಬಳು.

ನನ್ನ ಫೋನು ಅವನ ಮುಂದಿಟ್ಟು ಆ ನಂಬರು ಹಾಕಿಕೊಡು ಅಂದೆ. ಅವನು ಯಾಕೆ ಅಂತ ಕೇಳಲಿಲ್ಲ. ಒಂದೊಂದೇ ಅಂಕಿ ಒತ್ತಿದ. ಯಾವ ಹೆಸರಲ್ಲಿ ಇಡಲಿ ಅಂದ. ಸವತಿ ಅನ್ನೋಣವೆಂದು ಬಾಯಿಯವರೆಗೆ ಬಂದಿತ್ತು.

"ಅಕ್ಕ ಅಂತ ಹಾಕು," ಅಂದೆ.

ಕಾಗದ ಈಗ ಅಲಮಾರಿಯಲ್ಲಿದೆ. ಆ ದಿನ ಬಂದರೆ ನನ್ನನ್ನು ಯಾರೂ ಬೆಂಚಿನ ಮೇಲೆ ಕೂರಿಸಲಾರರು. ನಾನೇ ಮೀಯಿಸುತ್ತೇನೆ, ನಾನೇ ಚಿತೆಗೆ ಗಂಧದ ಚಕ್ಕೆಯಲ್ಲಿ ಮಾಡಿದ ಹೂವು ಇಡುತ್ತೇನೆ, ಗೂಡಿನಲ್ಲಿ ನಾನೇ ಮೂಳೆ ಇಡುತ್ತೇನೆ. ಅದೆಲ್ಲ ನನಗೆ ಬರುತ್ತದೆ. ಬರದೇ ಇರುವುದು ಒಂದೇ, ಇಂಗ್ಲೆಂಡಿನ ಅಕ್ಕನಿಗೆ ಫೋನ್ ಮಾಡುವುದು. ಅವಳು ಮೊದಲು ಏನು ಕೇಳುತ್ತಾಳೆಂದು ಗೊತ್ತಿದೆ. ಅದಕ್ಕೆ ಹೌದು ಅನ್ನುವುದನ್ನು ಇಂಗ್ಲಿಷಿನಲ್ಲಿ ಅಭ್ಯಾಸ ಮಾಡುತ್ತಿದ್ದೇನೆ, ಲೆನ್ ಯಾರದಾದರೂ ಫ್ರಿಜ್ಜು ನೋಡಲು ಹೋದಾಗ.