ನೀಲಿ ಹೆಲ್ಮೆಟ್ಟಿನ ದುಭಾಷಿ

"ಲೋ ದರಿದ್ರದವನೇ, ಮುಸುರೆ ತಿಕ್ಕೋ ಮೂತಿ ಹಾಕ್ಕೊಂಡು ನಿಂತ್ರೆ ಯಾರೋ ಹೆದರ್ತಾರೆ? ಬಾಯಿ ಬಿಟ್ಟು ಬಯ್ಯೋ. ಅದಕ್ಕೇ ನಿಮ್ಮನ್ನ ಕರ್ಕೊಂಡು ಬಂದಿರೋದು," ಎಂದು ಕೆಂಚಪ್ಪನನ್ನು ಗದರುತ್ತ ಶ್ರೀನಾಥ ಜೀಪು ಹತ್ತಿದ.

ಸ್ವೀಡನ್ನಿನ ನಾರ್‌ಶೋಪಿಂಗ್‌ ಊರಿನ ಅವನ ಹೋಟೆಲಿನಲ್ಲಿ ಕೆಂಚಪ್ಪ ಪಾತ್ರೆ ತೊಳೆಯುವವನು. ಬಂದಿಳಿದ ದಿನವೇ ಪಾಸ್‌ಪೋರ್ಟ್ ಧಣಿಯ ಕೈಸೇರಿತ್ತು. ಊರಲ್ಲಿ ತಾಯಿ ಸತ್ತಾಗ ಅದನ್ನು ವಾಪಸು ಕೇಳಿದ್ದಕ್ಕೆ, ನಿಮ್ಮ ಕೇರಿಗೆ ನೀನು ಹೋದ ಮಾತ್ರಕ್ಕೆ ಹೆಣ ಎದ್ದು ಕೂರುತ್ತಾ ಎಂದಿದ್ದ.

ಯಾವುದೋ ದೇಶದ ಯುದ್ಧದಲ್ಲಿ ಜನ ವಿಶ್ವಸಂಸ್ಥೆಯ ಶಾಂತಿಪಡೆಯನ್ನೇ ಮುತ್ತಿ ಇಬ್ಬರನ್ನು ಕೊಂದಿದ್ದರು. ಅಲ್ಲಿಗೆ ಹೊರಟ ಸ್ವೀಡನ್ನಿನ ಸಿಪಾಯಿಗಳಿಗೆ ಈ ಕಾಡಿನ ಬಯಲಲ್ಲಿ ತಾಲೀಮು. ರೊಚ್ಚಿಗೆದ್ದ ಜನರ ಪಾತ್ರಕ್ಕೆ ಹೋಟೆಲಿನ ಆಳುಗಳು. ಮೈಗೆ ಹಳದಿ ಅಂಗಿ, ಕೈಗೆ ಸ್ಪಂಜಿನ ಕಲ್ಲು. ಶ್ರೀನಾಥ ಶಾಂತಿಪಡೆಯ ದುಭಾಷಿ, ತಲೆಗೆ ನೀಲಿ ಹೆಲ್ಮೆಟ್. ಗೇಟಿನಲ್ಲಿ ತೋರಿಸಿದ ಎಲ್ಲರ ಪಾಸ್‌ಪೋರ್ಟುಗಳೂ ಮತ್ತೆ ಅವನ ಕೋಟಿನೊಳಕ್ಕೇ ಹೋಗಿದ್ದವು.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಸೀಟಿ ಊದಿದ್ದೇ ತಡ, ಕೆಂಚಪ್ಪನ ಮೊದಲ ಕಲ್ಲು ಶ್ರೀನಾಥನ ಹೆಲ್ಮೆಟ್ಟಿಗೇ ಬಡಿಯಿತು. ವರ್ಷಗಳಿಂದ ಕಟ್ಟಿಕೊಂಡಿದ್ದ ಎದೆ ಒಮ್ಮೆಲೇ ಹಗುರಾಗಿ, ಅವನು ಕುಣಿದೇಬಿಟ್ಟ.

"ನಮ್ಮವ್ವುನ್ ಹೆಣಕ್ಕೆ ಒಂದಿಡಿ ಮಣ್ಣಾಕಕ್ಕೂ ಬುಡ್ನಿಲ್ವಲ್ಲೊ ಬೋಳಿಮಗನೆ. ಇಳಿಯೊ ಕೆಳೀಕೆ."

ಅಡುಗೆಯ ಶಕುಂತಲಾ ಜೀಪಿನ ಬಾನೆಟ್ ಬಡಿಯುತ್ತ ಶ್ರೀನಾಥನ ವಂಶವನ್ನೆಲ್ಲ ಜಾಲಾಡಿದಳು. ಬಯ್ದೂ ನಕ್ಕೂ ಎಲ್ಲರಿಗೂ ಹೊಟ್ಟೆ ಹಿಡಿದುಕೊಂಡಿತು.

ಇವನು ಏನನ್ನುತ್ತಿದ್ದಾನೆ ಎಂದು ಮಿಲಿಟರಿ ಅಧಿಕಾರಿ ಕೇಳಿದಳು. ಶ್ರೀನಾಥ ಬೆವರೊರೆಸಿಕೊಂಡು, ಕುಡಿಯಲು ನೀರು ಕೇಳುತ್ತಿದ್ದಾನೆ ಎಂದ. ಸಿಪಾಯಿಗಳು ತಕ್ಷಣ ಬಾಟಲಿ ಕೊಟ್ಟರು. ಕೆಂಚಪ್ಪ ಗಟಗಟ ಕುಡಿದು ಇನ್ನೂ ಜೋರಾಗಿ ಬಯ್ದ. ಇನ್ನೊಂದು ಬಾಟಲಿ ಬಂತು.

ಶ್ರೀನಾಥ ಬಗ್ಗಿ ಪಿಸುಗುಟ್ಟಿದ: "ಇದು ಮುಗೀಲಿ ಮಗನೇ, ನಿನ್ನ ಕೆಲಸದ ಪರ್ಮಿಟ್ಟಿಗೆ ಎಳ್ಳುನೀರು ಬಿಡ್ತೀನಿ."

ಇದು ಮುಗಿದರೆ ಮತ್ತೆ ಅದೇ ಸಿಂಕು, ಅದೇ ಧಣಿ. ಕೆಂಚಪ್ಪನ ನಗು ನಿಂತಿತು. ಯಾರಿಗಾದರೂ ನಿಜವಾಗಿ ಪೆಟ್ಟಾದರೆ ಹಳದಿ ಅಂಗಿ ಕಳಚಿ ಎರಡೂ ಕೈ ಎತ್ತಬೇಕು, ಆಗ ತಾಲೀಮು ನಿಂತೇ ತೀರಬೇಕು. ಅಲ್ಲಿನ ನಿಯಮ ಅದು. ಅವನು ಅಂಗಿ ಕಳಚಿ ಎಸೆದು ಕೈ ಎತ್ತಿದ.

ಸೀಟಿ ಊದಿ ತಾಲೀಮು ನಿಲ್ಲಿಸಿದರು. ಔಷಧಿ ಚೀಲದವರೊಂದಿಗೆ ಓಡಿಬಂದ ಅಧಿಕಾರಿ ಎಲ್ಲಿ ಪೆಟ್ಟಾಯಿತು ಎಂದಳು. ಕೆಂಚಪ್ಪ ಶ್ರೀನಾಥನ ಕೋಟಿನತ್ತ ಬೆರಳು ತೋರಿಸಿದ.

"ಪಾಸ್‌ಪೋರ್ಟ್."

ಆ ಮಾತಿಗೆ ದುಭಾಷಿ ಬೇಕಿರಲಿಲ್ಲ. ಶಕುಂತಲಾ ಅಂಗಿ ಕಳಚಿದಳು, ಅವಳ ಹಿಂದೆ ಉಳಿದವರೂ ಕಳಚಿದರು. ಎಲ್ಲರ ಕೈಗಳೂ ಮೇಲೆದ್ದಿದ್ದವು. ಶ್ರೀನಾಥನ ಕೈ ಮಾತ್ರ ತನ್ನ ಎದೆಜೇಬನ್ನು ಒತ್ತಿ ಹಿಡಿದಿತ್ತು.