ಕೂಡಿ ಬರೆದವರು

ನಾಗಕ್ಕ ಹಾಡಿಕೊಂಡು ಅಳುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು. ತಂದೆಯ ಹೆಸರು ಆಯಿತು, ತಾಯಿಯದು ಆಯಿತು, ತೀರಿಹೋದ ಅಣ್ಣನದೂ ಆಯಿತು.

"ಮುಂದ ಯಾರ್ನ ಕರೀಲಿ ದ್ಯಾಮಕ್ಕ?" ಎಂದಳು, ದನಿ ತಗ್ಗಿಸಿ. "ಗಂಡ ಅನ್ನಂಗಿಲ್ಲ, ಮಕ್ಕಳು ಅನ್ನಂಗಿಲ್ಲ. ಹಾಡಾಕ ಹೆಸರು ಬೇಕಲ್ಲವ್ವ."

ದ್ಯಾಮಕ್ಕ ತೀರಿಹೋದ ತಂಗಿ ಸುಜಾತಾಳ ತಲೆಯ ಹತ್ತಿರ ಕೂತಿದ್ದಳು. ಕಾನಹೊಸಹಳ್ಳಿಯ ಆ ಓಣಿಯಲ್ಲಿ ಸತ್ತವರ ಬಳಗವನ್ನು ಹೆಸರು ಹಿಡಿದು ಕರೆದು ಅಳುವುದು ರೂಢಿ. ಹೆಸರು ಬಂದವರಲ್ಲಿ ಅಲ್ಲಿರುವವರು ಎದ್ದು ಬಂದು ಪಾದ ಮುಟ್ಟಬೇಕು. ಆಮೇಲೇ ಚಟ್ಟ ಎತ್ತುವುದು. ಸುಜಾತಾ ಮದುವೆಯಾಗಿರಲಿಲ್ಲ. ಕೊಟ್ಟೂರಿನ ಕಾಲೇಜಿನಲ್ಲಿ ಗಣಿತ ಹೇಳುತ್ತ, ಬಸ್ಸಿನಲ್ಲಿ ಹೋಗಿ ಬರುತ್ತ, ತಲೆ ಬೆಳ್ಳಗಾಗುವ ತನಕ ಅಕ್ಕನ ಮನೆಯಲ್ಲೇ ಇದ್ದಳು. ನಿನ್ನೆ ಸಂಜೆ ಕಾಲೇಜಿನಿಂದ ಬಂದು ಕೂತವಳು ಮೇಲೇಳಲಿಲ್ಲ.

"ಇಲ್ಲದ ಬಳಗಾನ ಎಲ್ಲಿಂದ ತರ್ತೀರಿ," ಎಂದ ಓಣಿಯ ಹಿರಿಯ ಪಾಲಯ್ಯ. "ಹೊತ್ತು ಇಳೀತೈತಿ. ಹೊಲದಾಗ ಕುಣಿ ತೆಗೆದು ಕುಂತಾರ. ಎತ್ತಿಬಿಡಾನ."

"ತಡಿಯೋ ಪಾಲಯ್ಯ." ದ್ಯಾಮಕ್ಕ ತಲೆ ಎತ್ತಲಿಲ್ಲ. "ಯಾರೂ ಇಲ್ಲದಾಕಿ ಅನ್ನಿಸ್ಕೊಂಡು ಆಕಿ ಈ ಹೊಸ್ತಿಲ ದಾಟಬಾರದು."

ಹೊರಗೆ ಬೇವಿನ ಮರದ ನೆರಳಲ್ಲಿ ಕಾಲೇಜಿನವರು ನಿಂತಿದ್ದರು. ಅವರಲ್ಲಿ ಶ್ರೀನಾಥ ಫೋನಿನಲ್ಲಿ ಏನೋ ಹುಡುಕುತ್ತಿದ್ದ. ಕಾಲೇಜಿನ ಮೇಷ್ಟ್ರುಗಳ ಸಂಶೋಧನೆಯ ಲೆಕ್ಕ ಇಡುವವನು ಅವನೇ. ನಾಳಿನ ಸಂತಾಪ ಸಭೆಗೆ ನಾಲ್ಕು ಮಾತು ಬೇಕಾಗಿತ್ತು.

"ಮೇಡಂದು ಆರೇ ಐತಿ," ಎಂದ ಪಕ್ಕದಲ್ಲಿದ್ದ ಗುರುಬಸವರಾಜನಿಗೆ. ಹಿರೇಹಡಗಲಿಯ ಗುರುಬಸವರಾಜ ಸುಜಾತಾಳ ಹಳೆಯ ಶಿಷ್ಯ, ಈಗ ತಾನೂ ಮೇಷ್ಟ್ರು. ಅವಳ ಜೊತೆ ಒಂದು ಬರಹವನ್ನೂ ಬರೆದಿದ್ದ.

ದ್ಯಾಮಕ್ಕನ ಕಿವಿ ಇನ್ನೂ ಚುರುಕಾಗಿತ್ತು. "ಏನು ಆರು ಶ್ರೀನಾಥಪ್ಪ? ಆರು ಮಂದಿಯೇನು?"

ಶ್ರೀನಾಥ ಮುಜುಗರದಿಂದ ಹೊಸ್ತಿಲ ತನಕ ಬಂದ. "ಮಂದಿ ಅಲ್ರಿ ಅಕ್ಕಾರೆ. ಮೇಡಂ ಬರೆದದ್ದನ್ನ ಬ್ಯಾರೆಯೋರು ತಮ್ಮ ಬರಹದಾಗ ಎಷ್ಟು ಸಲ ನೆನೆಸ್ಯಾರ ಅನ್ನೋ ಲೆಕ್ಕ. ಆರಾರು ಸಲನಾದ್ರೂ ನೆನೆಸಿದಂಥ ಬರಹ ಆರು ಅದಾವು. ಅದಕ್ಕ ಆರು."

"ಅದು ಕಮ್ಮಿಯೋ, ಜಾಸ್ತಿಯೋ?"

"ಕಮ್ಮಿರಿ. ಪ್ರೊಫೆಸರ್ ಮಾಡಾಕ ಹತ್ತಾದ್ರೂ ಬೇಕು ಅಂದಿತ್ತು ನಮ್ಮ ಕಮಿಟಿ."

"ನೀನೂ ಇದ್ದೆಲ್ಲ ಆ ಕಮಿಟ್ಯಾಗ?"

"ಇದ್ದೆರಿ."

ದ್ಯಾಮಕ್ಕನ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. "ಆಕಿ ಜೋಡಿ ಕೂಡಿ ಬರೆದೋರ್ನ ಅದರಾಗ ಎಣಿಸಂಗಿಲ್ಲೇನು?"

"ಅದು ಬ್ಯಾರೇರಿ," ಎಂದು ಶ್ರೀನಾಥ ಮರದ ಕಡೆ ನಡೆದ.

*

ಬರೆದದ್ದು ಅಚ್ಚಾದ ದಿನ ಸುಜಾತಾ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬರುತ್ತಿದ್ದಳು. ಪಡಸಾಲೆಯ ಕರಿಕಲ್ಲಿನ ಮೇಲೆ ಸೀಮೆಸುಣ್ಣದಿಂದ ಚುಕ್ಕಿ ಇಟ್ಟು, ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆಯುವಳು.

"ಲೆಕ್ಕ ಅಂತೀ, ಅಂಕಿ ಒಂದೂ ಕಾಣವಲ್ದು," ಎನ್ನುವಳು ಎರಡನೇ ಕ್ಲಾಸಿಗೇ ಶಾಲೆ ಬಿಟ್ಟ ದ್ಯಾಮಕ್ಕ. "ರಂಗೋಲಿ ಹಾಕಾಕ ಇಷ್ಟು ಓದಬೇಕಾಗಿತ್ತೇನಲೇ?"

"ಯಾವ ಚುಕ್ಕಿಗೆ ಯಾವ ಚುಕ್ಕಿ ನಂಟು ಅನ್ನೋದೇ ಲೆಕ್ಕ ಅಕ್ಕ. ನೋಡು, ಇದು ನಾನು. ಇದು ಕೋಲ್ಕತ್ತಾದ ಅನಿಂದಿತಾ, ನನ್ನ ಕೂಡ ಬರೆದಾಕಿ. ಇದು ಟೆಹರಾನಿನ ಫರೀದಾ. ಮೊದಲು ಅನಿಂದಿತಾನ ಕೂಡ ಬರೆದಿದ್ಲು, ಈ ಸಲ ನನ್ನ ಕೂಡಾನೂ ಬರೆದಾಳ."

"ಅಂದ್ರ ಬೀಗರ ಕಡೆಯಿಂದ ಬೀಗರಾದಂಗ."

ಸುಜಾತಾ ನಕ್ಕು ಮಿರ್ಚಿ ಮುರಿದಳು. "ಹಂಗ ನೋಡು."

"ಆಕಿ ಮುಖ ಕಂಡೀಯೇನು?"

"ಇಲ್ಲ. ಎರಡು ವರ್ಷ ಬರೇ ಇ-ಮೇಲಿನಾಗ ಒಂದೇ ಗೆರೆ ಹಿಡಕೊಂಡು ಇಬ್ಬರೂ ಗುದ್ದಾಡೀವಿ, ಅಷ್ಟ."

ಮೂಲೆಯಲ್ಲೊಂದು ಚುಕ್ಕಿ ಇತ್ತು. ಅದು ಶ್ರೀನಾಥ. ಸುಜಾತಾಳ ಮೊದಲನೆಯ ಬರಹ ಅವನ ಜೊತೆ ಬರೆದದ್ದು. ಆಮೇಲೆ ಅವನು ಬರೆಯುವುದು ಬಿಟ್ಟು, ಬರೆಯುವವರನ್ನು ಎಣಿಸುವ ಕೆಲಸ ಹಿಡಿದಿದ್ದ. ಕಮಿಟಿಯವರು ಇಲ್ಲ ಎಂದ ವರ್ಷ ದ್ಯಾಮಕ್ಕ ಒದ್ದೆ ಅರಿವೆ ತಂದು, "ಇದನ್ನ ಒರೆಸಿಬಿಡ್ಲೇನು?" ಎಂದಿದ್ದಳು.

"ಬ್ಯಾಡಕ್ಕ. ಅದನ್ನ ತಗದ್ರ ಉಳಿದವು ಎಲ್ಲಿಂದ ಹೊಂಟಂಗಾಯ್ತು?"

ಹೊಸ ಹೆಸರು ಬಂದಾಗಲೆಲ್ಲ ಹಳೆಯವನ್ನೂ ಸೇರಿಸಿ ಹೇಳಿಸುವುದು ದ್ಯಾಮಕ್ಕನ ಹಟ. ನಂಟರನ್ನು ಮರೆಯಬಾರದು ಎನ್ನುವಳು.

*

ದ್ಯಾಮಕ್ಕ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನಾಗಕ್ಕ ಬಿಟ್ಟ ಧಾಟಿಯನ್ನೇ ಎತ್ತಿದಳು.

"ಕೋಲ್ಕತ್ತಾದಾಗ ಕುಂತೀಯಲ್ಲ ಅನಿಂದಿತಕ್ಕಾ, ನಿನ್ನ ಗೆಳತಿ ಹೊಂಟಾಳ ಬಾರವ್ವಾ... ಟೆಹರಾನಿನ ಫರೀದಕ್ಕಾ, ಮುಖ ಕಾಣದ ಬೀಗತೀ, ಈಗಾದ್ರೂ ಬಂದು ನೋಡವ್ವಾ..."

ಹೆಂಗಸರು ಮುಖ ಮುಖ ನೋಡಿಕೊಂಡರು. "ಯಾರವ್ವ ಇವರೆಲ್ಲ?" ಎಂದಳು ಒಬ್ಬಳು.

ನಾಗಕ್ಕ ಅವಳನ್ನು ಮೊಣಕೈಯಿಂದ ತಿವಿದಳು. "ಸುಮ್ನಿರು. ಬಳಗ." ತಾನೂ ದನಿ ಕೂಡಿಸಿದಳು.

ಹಾಡಿನಲ್ಲಿ ಹಂಗೇರಿಯ ಇಷ್ಟ್ವಾನಣ್ಣ ಬಂದ. ಪುಣೆಯ ಮಾಧವಿಯಕ್ಕ ಬಂದಳು. ಹೆಂಗಸರಿಗೆ ಹಾಡು ಹತ್ತಿತು. ಒಂದೊಂದು ಹೆಸರನ್ನೂ ಎರಡೆರಡು ಸಲ ಎಳೆದು ಅತ್ತರು. "ಹಿರೇಹಡಗಲಿಯ ಗುರುಬಸಣ್ಣಾ, ತಪ್ಪಿದಲ್ಲಿ ತಿದ್ದಿದಾಕಿ ಹೊಂಟಾಳಪ್ಪಾ..." ಎಂದಾಗ ಗುರುಬಸವರಾಜ ಚಪ್ಪಲಿ ಬಿಟ್ಟು ಒಳಗೆ ಬಂದ. ಪಾದ ಮುಟ್ಟಿ, ಅಲ್ಲೇ ಕೂತುಬಿಟ್ಟ.

"ಮೊದಲನೇ ಗೆರೆ ಎಳೆದ ಶ್ರೀನಾಥಣ್ಣಾ..."

ಮರದ ಕೆಳಗೆ ಶ್ರೀನಾಥ ಫೋನಿನಿಂದ ಕಣ್ಣೆತ್ತಿದ. ಕಾಲೇಜಿನವರೆಲ್ಲ ಅವನ ಕಡೆ ತಿರುಗಿದರು. ದ್ಯಾಮಕ್ಕ ಮುಂದಿನ ಸೊಲ್ಲಿಗೆ ಹೋಗಲಿಲ್ಲ. ಅದೇ ಹೆಸರನ್ನು ಮತ್ತೆ ಎತ್ತಿದಳು. ನಾಗಕ್ಕನೂ ಎತ್ತಿದಳು. ಹೊತ್ತು ಇಳೀತೈತಿ ಎಂದಿದ್ದ ಪಾಲಯ್ಯ ಹೊಸ್ತಿಲಿನಿಂದ ಸರಿದು ದಾರಿ ಬಿಟ್ಟ.

ಶ್ರೀನಾಥ ಫೋನನ್ನು ಜೇಬಿಗೆ ಹಾಕಿ, ಬೇವಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಬೂಟಿನ ಲೇಸು ಬಿಚ್ಚತೊಡಗಿದ. ಗಂಟು ಬಿಗಿದುಹೋಗಿತ್ತು. ಒಳಗೆ ಹಾಡು ಅವನ ಹೆಸರಿನ ಮೇಲೇ ನಿಂತು ಕಾಯುತ್ತಿತ್ತು.